ನನ್ನ ದುಡ್ಡು, ಅವರ ಫೋನು

ದುಡ್ಡು ಬೇಡ ಅನ್ನೋ ಜಾಗಾನ ನಾನು ಈ ವಿಜಯನಗರದಲ್ಲೇ ಮೊದಲು ಕಂಡಿದ್ದು ಕಣ್ರಪ್ಪ.

ಸುಂಕದಕಟ್ಟೆಯಿಂದ ಮಗಳು ಕವನಾನ ಕರ್ಕೊಂಡು ಕೋಚಿಂಗ್ ಸೆಂಟರಿಗೆ ಬಂದಿದ್ದೆ. ಟೀಚರ್ ಪರೀಕ್ಷೆಗೆ ಓದ್ಬೇಕು ಅಂತ ಅವಳಿಗೆ ಮದುವೆಗೆ ಮುಂಚಿನಿಂದ ಆಸೆ. ಅಳಿಯ ಸಂಪತ್ ಬೇಡ ಅಂತಾನೆ. ಅವರ ಸಂಸಾರಕ್ಕೆ ನೀನು ತಲೆ ಹಾಕ್ಬೇಡ ಅಂತ ನಮ್ಮ ಯಜಮಾನ್ರೂ ಗದರಿದ್ರು. ಹಾಕ್ದೆ, ಏನಿವಾಗ? ವರ್ತನೆ ಮನೆಗಳಿಗೆ ದಿನಾ ಹಾಲು ಹಾಕಿ ಫೀಸಿಗಂತ ಕೂಡಿಟ್ಟ ಹನ್ನೆರಡು ಸಾವಿರ ಸೊಂಟದ ಚೀಲದಲ್ಲಿತ್ತು. ಸೇರೋಕೆ ಇವತ್ತೇ ಕೊನೆ ದಿನ.

"ಕ್ಯಾಶ್ ತಗೊಳಲ್ಲ ಆಂಟಿ, ಸ್ಕ್ಯಾನ್ ಮಾಡಿ," ಅಂದ್ಳು ಕೌಂಟರಿನ ಹುಡುಗಿ ಮಾಲವಿಕಾ.

"ಕಳ್ಳನೋಟಲ್ಲಮ್ಮ, ಬೆಳಕಿಗೆ ಹಿಡಿದು ನೋಡು."

"ನಿಜವಾದ್ದೇ ಇರ್ಬೋದು. ಆದ್ರೂ ತಗೊಳಲ್ಲ."

ಇದ್ಯಾವ ಸೀಮೆ ನ್ಯಾಯ! ಕವನಾನ ನೋಡಿದೆ. ಅವಳ ಮುಖ ಬಿಳುಚಿಕೊಂಡಿತ್ತು. ಅವಳ ಅಕೌಂಟಿಗೆ ಸಂಪತ್ ತನ್ನ ಫೋನ್ ನಂಬರ್ ಕೊಟ್ಟವನೆ. ಅವಳು ಒಂದು ಕಟ್ಟು ಸೊಪ್ಪು ತಗೊಂಡ್ರೂ ಅವನ ಫೋನು ಟಿಣ್ ಅನ್ನುತ್ತೆ.

ಪಕ್ಕದಲ್ಲಿದ್ದ ಹುಡುಗನ್ನ ಕೇಳ್ದೆ, "ಅಪ್ಪಾ, ಈ ನೋಟು ಇಟ್ಕೊಂಡು ನಿನ್ನ ಫೋನಲ್ಲಿ ಹಾಕ್ಬಿಡು." ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಆಂಟಿ, ಆಮೇಲೆ ಬ್ಯಾಂಕಿನವ್ರು ನನ್ನ ಅಕೌಂಟ್ ಫ್ರೀಜ್ ಮಾಡ್ತಾರೆ." ನಾನೇನು ಕಳ್ಳಿಯಾ? ಮಾಲವಿಕಾನೇ ಹಾಕ್ಲಿ ಅಂದ್ರೆ, "ನನ್ನ ಅಕೌಂಟ್ ಅಣ್ಣ ನೋಡ್ಕೊಳ್ತಾನೆ," ಅಂತ ಅವಳು ತಲೆ ತಗ್ಗಿಸಿದ್ಳು. ದುಡಿಯೋರು ಯಾರು, ನೋಡ್ಕೊಳ್ಳೋರು ಯಾರು, ನನಗಂತೂ ತಲೆ ಕೆಟ್ಟೋಯ್ತು.

ಆಗ ಕವನಾಗೆ ನೆನಪಾಯ್ತು. "ಅಮ್ಮ, ಡೇರಿ ದುಡ್ಡು ಬೀಳೋ ನಿನ್ನ ಅಕೌಂಟಿದ್ಯಲ್ಲ!" ಹೌದಲ್ವಾ! ಡೇರಿಗೆ ಹಾಕೋ ಮಿಕ್ಕ ಹಾಲಿನ ದುಡ್ಡೆಲ್ಲ ಅದಕ್ಕೇ ಬೀಳೋದು. ಕಾರ್ಡು ಆಧಾರ್ ಜೊತೆ ಚೀಲದಲ್ಲೇ ಇತ್ತು. ಪಿನ್ನು ಮಾತ್ರ ಯಜಮಾನ್ರಿಗೇ ಗೊತ್ತು. "ಪರ್ವಾಗಿಲ್ಲ, ಓಟಿಪಿ ಬರುತ್ತೆ," ಅಂತ ಮಾಲವಿಕಾ ಕಾರ್ಡಿನ ನಂಬರ್ ಒತ್ತಿದ್ಳು.

ಮೂವರೂ ನನ್ನ ಫೋನನ್ನೇ ನೋಡ್ತಾ ನಿಂತ್ವಿ. ಓಟಿಪಿ ಬರ್ಲಿಲ್ಲ, ಯಜಮಾನ್ರ ಫೋನ್ ಬಂತು.

"ಲೇ, ಯಾವನೋ ನಿನ್ನ ಅಕೌಂಟಿಂದ ಹನ್ನೆರಡು ಸಾವಿರ ಎಳೀತಾವ್ನೆ! ನನಗೆ ನಂಬರ್ ಬಂದೈತೆ!"

ಅಯ್ಯೋ ಶಿವನೇ. ನನ್ನ ಅಕೌಂಟು, ನನ್ನ ಹಸು, ನಂಬರ್ ಹೋಗಿರೋದು ಅವರಿಗೆ. ಕವನಾ ಬೇಡಮ್ಮ ಬೇಡಮ್ಮ ಅಂತ ಕೈ ಆಡಿಸ್ತಾ ಇದ್ಳು.

"ಯಾವನೋ ಅಲ್ಲ ಕಣ್ರೀ, ನಾನೇ. ನಂಬರ್ ಹೇಳಿ."

"ಯಾರಿಗೂ ಹೇಳ್ಬೇಡಿ ಅಂತ ಬರ್ದವ್ರಲ್ಲೇ ಇದರಲ್ಲಿ. ಹೆಂಡ್ತಿಗೆ ಹೇಳ್ಬೋದಾ?"

ಅವರು ತಮಾಷೆ ಮಾಡ್ತಿರ್ಲಿಲ್ಲ, ನಿಜವಾಗ್ಲೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ.

"ಕವನಾ ಓದ್ತಾಳೆ, ಅದಕ್ಕೆ," ಅಂದ್ಬಿಟ್ಟೆ.

ಆ ಕಡೆಯಿಂದ ಹಸು ಅಂಬಾ ಅಂದಿದ್ದು ಕೇಳ್ತು. ಆಮೇಲೆ ಯಜಮಾನ್ರು ಒಂದೊಂದೇ ನಂಬರ್ ಹೇಳಿದ್ರು. ನಾನು ಗಟ್ಟಿಯಾಗಿ ಹೇಳ್ದೆ, ಕವನಾ ಒತ್ತಿದ್ಳು. ದುಡ್ಡು ಹೋಯ್ತು.

"ಅಳಿಯ ಕೇಳಿದ್ರೆ, ನಾನು ಕಟ್ಟಿದ್ದು ಅನ್ನು. ನನ್ನ ಹೆಸ್ರು ಹೇಳಿದ್ರೆ ಅವನು ತುಟಿ ಪಿಟಕ್ ಅನ್ನಲ್ಲ," ಅಂದ್ರು ಯಜಮಾನ್ರು.

ಕವನಾ ಕಣ್ಣೊರೆಸ್ಕೊಂಡು ನಕ್ಕಳು. ನನಗೆ ಮಾತ್ರ ಸಮಾಧಾನ ಆಗ್ಬೇಕೋ, ಸಿಟ್ಟು ಬರ್ಬೇಕೋ ತಿಳೀಲಿಲ್ಲ. ಹೂಂ ಅಂತ ಫೋನಿಟ್ಟೆ.

"ರಸೀದಿ ಯಾರ ಹೆಸರಲ್ಲಿ ಆಂಟಿ?" ಅಂದ್ಳು ಮಾಲವಿಕಾ. "ಅಂಕಲ್ ಹೆಸರು ಹಾಕ್ಲಾ?"

"ನನ್ನ ಹೆಸರು ಹಾಕು, ಮುನಿತಾಯಮ್ಮ ಅಂತ ಬರಿ," ಅಂದೆ. "ದಪ್ಪಕ್ಷರದಲ್ಲಿ."