ಕಾಂಪೌಂಡರ್ ಸೂರಣ್ಣನ ಮಗಳು

ಸತ್ಯಪ್ರಕಾಶ ಅಂಕಲ್ ಬರೆದುಕೊಟ್ಟ ಶಿಫಾರಸು ಪತ್ರ ಎರಡು ಪುಟವಿತ್ತು. ಮೊದಲನೆಯ ಸಾಲಿನಲ್ಲೇ ಜಾನಕಿಯ ಕಣ್ಣು ನಿಂತಿತು. "ಡಾಕ್ಟರ್ ಜಾನಕಿಯವರು ಹಲವು ವರ್ಷಗಳಿಂದ ನಮ್ಮ ಅಟ್ಲಾಂಟಾ ಕನ್ನಡಿಗರೆಲ್ಲರ ಅಚ್ಚುಮೆಚ್ಚಿನ ಪಶುವೈದ್ಯರು" ಎಂದು ಹಳೇ ಕಾಲದ ಅಚ್ಚುಕಟ್ಟು ಇಂಗ್ಲಿಷಿನಲ್ಲಿ ಶುರುವಾಗಿತ್ತು ಅದು.

"ಪೂರ್ತಿ ಓದಮ್ಮ," ಎಂದರು ಅಂಕಲ್, ಕಾಫಿ ಲೋಟ ಅವಳ ಮುಂದಿಡುತ್ತಾ. "ಮೊನ್ನೆನೇ ಕಾಲೇಜಿನವರ ವೆಬ್‌ಸೈಟಿಗೆ ಅಪ್‌ಲೋಡ್ ಮಾಡ್ಬಿಟ್ಟೆ. ಯಾರ ಸಹಾಯಾನೂ ಕೇಳ್ಲಿಲ್ಲ, ನಾನೇ ಮಾಡ್ದೆ. ಎಂಬತ್ತೆರಡು ವರ್ಷಕ್ಕೆ ಇಷ್ಟಾದ್ರೂ ಬರತ್ತಲ್ಲ!"

ಜಾನಕಿ ಪೂರ್ತಿ ಓದಿದಳು. ಎರಡು ಪುಟದಲ್ಲಿ ಏಳು ಸಲ ಡಾಕ್ಟರ್ ಎಂದಿತ್ತು. "ತುಂಬಾ ಚೆನ್ನಾಗಿದೆ ಅಂಕಲ್," ಎಂದಳು. ಅಲ್ಫರೆಟಾದಲ್ಲಿದ್ದ ಅವರ ಆ ದೊಡ್ಡ ಮನೆಯಿಂದ ಹೊರಬಂದು ಕಾರಿನಲ್ಲಿ ಕೂತವಳು ಕೀಲಿ ತಿರುಗಿಸುವುದನ್ನೇ ಮರೆತಳು.

ಯಾಕೆಂದರೆ ಜಾನಕಿ ಡಾಕ್ಟರಲ್ಲ. ಲಾರೆನ್ಸ್‌ವಿಲ್‌ನ ಒಂದು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷದಿಂದ ವೆಟ್ ಟೆಕ್. ಅಂದರೆ ನಾಯಿ ಬೆಕ್ಕುಗಳ ನರ್ಸು. ರಕ್ತ ತೆಗೆಯುವುದು, ಎಕ್ಸ್‌ರೇ ತೆಗೆಯುವುದು, ಆಪರೇಷನ್ ಹೊತ್ತಿನಲ್ಲಿ ಉಸಿರು ನೋಡುತ್ತಾ ನಿಲ್ಲುವುದು, ಕಚ್ಚಲು ಬಂದವನನ್ನು ಅಪ್ಪಿಕೊಂಡು ಸಮಾಧಾನ ಮಾಡುವುದು ಅವಳ ಕೆಲಸ. ರೋಗ ಇಂಥದ್ದೆಂದು ಹೇಳುವುದು, ಕೊಯ್ಯುವುದು, ಔಷಧಿ ಬರೆಯುವುದು ಡಾಕ್ಟರ ಕೆಲಸ. ನಡುವಿನ ಗೆರೆಯನ್ನು ಇಲ್ಲಿ ಕಾನೂನೇ ಎಳೆದಿದೆ.

ಈಗ ಒಂದು ಗಂಟೆ ದಾರಿಯ ದೂರದಲ್ಲಿ ಒಂದು ಟೆಕ್ನಿಕಲ್ ಕಾಲೇಜಿನವರು ಇದೇ ವೆಟ್ ಟೆಕ್ ಕೋರ್ಸಿಗೆ ಲೆಕ್ಚರರ್ ಬೇಕೆಂದು ಅರ್ಜಿ ಕರೆದಿದ್ದರು, ಜಾನಕಿ ಹಾಕಿದ್ದಳು. ಸೋಮವಾರ ಇಂಟರ್‌ವ್ಯೂ. ಮದುವೆಯಾಗಿ ಬಂದು ಹತ್ತು ವರ್ಷ ಕೆಲಸ ಮಾಡಲು ವೀಸಾ ಬಿಡದೆ ಅಡುಗೆಮನೆಯ ಕಿಟಕಿಯಲ್ಲಿ ಅಳಿಲು ಎಣಿಸಿದವಳು ಜಾನಕಿ. ಆಮೇಲೆ ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಓದಿ ಪಾಸಾದವಳು. 2020ರ ಕೋವಿಡ್ ಕಾಲದಲ್ಲಿ ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರಿಗೆ ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಕೆಲಸ ಕಲಿಸಬೇಕಾಗಿ ಬಂದಾಗ, ತನಗೆ ಬೇಕಾಗಿದ್ದು ಇದೇ ಎಂದು ಗೊತ್ತಾಗಿಬಿಟ್ಟಿತು. ಅಂದಿನಿಂದ ಮನಸ್ಸು ಬೇರೆ ಏನನ್ನೂ ಕೇಳಿರಲಿಲ್ಲ.

ಪತ್ರದ ತಪ್ಪು ಅಂಕಲ್‌ದೊಂದೇ ಅಲ್ಲ. ಏಳೆಂಟು ವರ್ಷದ ಹಿಂದೆ ಯುಗಾದಿ ಊಟದಲ್ಲಿ ಗಂಡ ಕೃಷ್ಣಪ್ರಸಾದ ಯಾರಿಗೋ, "ನಮ್ಮನೆಯವಳು ಅನಿಮಲ್ ಡಾಕ್ಟರ್ ಥರ," ಎಂದಿದ್ದ. ದೀಪಾವಳಿ ಹೊತ್ತಿಗೆ ಆ 'ಥರ' ಎಲ್ಲೋ ಉದುರಿಹೋಗಿತ್ತು. ಆಮೇಲೆ ಎಲ್ಲಿ ಹೋದರೂ "ಡಾಕ್ಟ್ರೇ, ನಮ್ ಪಪ್ಪಿ ಊಟಾನೇ ಮಾಡ್ತಿಲ್ಲ" ಎಂದು ಒಬ್ಬರಾದರೂ ತಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಸಾಫ್ಟ್‌ವೇರಿನವರೂ ನಿಜವಾದ ಡಾಕ್ಟರುಗಳೂ ತುಂಬಿದ ಹಾಲಿನಲ್ಲಿ ನಿಂತು, ನಾನು ನರ್ಸು ಕಣ್ರೀ ಎನ್ನಲು ಜಾನಕಿಗೆ ನಾಲಿಗೆ ಏಳುತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ, ಹಾಗೆ ಕರೆಸಿಕೊಳ್ಳುವುದು ಹಿತವಾಗಿಯೂ ಇತ್ತು.

ಅಂಕಲ್ ಕತೆ ಬೇರೆ. 1971ರಲ್ಲಿ ಮೈಸೂರು ಬಿಟ್ಟು ಬಂದ ಹೃದಯದ ಡಾಕ್ಟರು ಅವರು. ಅವರ ಹದಿನಾಲ್ಕು ವರ್ಷದ ಭೀಮ ಎಂಬ ಲ್ಯಾಬ್ರಡಾರಿಗೆ ಏಳಲಾಗದ ಸ್ಥಿತಿ ಬಂದಾಗ ಕೋವಿಡ್ ಕಾಲ. ಸಾಕಿದವರನ್ನು ಕ್ಲಿನಿಕ್ಕಿನ ಒಳಗೆ ಬಿಡುತ್ತಿರಲಿಲ್ಲ. ಜಾನಕಿಯೇ ಕಾರಿನಿಂದ ಭೀಮನನ್ನು ಎತ್ತಿಕೊಂಡು ಹೋಗಿ, ತೊಡೆಯ ಮೇಲೆ ಮಲಗಿಸಿಕೊಂಡು, ಫೋನನ್ನು ಅವನ ಕಿವಿಗೆ ಹಿಡಿದಿದ್ದಳು. ಹೊರಗೆ ಕಾರಿನಲ್ಲಿ ಕೂತ ಅಂಕಲ್, "ಮಲ್ಕೋ ಮಗನೇ, ಮಲ್ಕೋ," ಎನ್ನುತ್ತಲೇ ಇದ್ದರು. ನೋವಿಲ್ಲದೆ ಪ್ರಾಣ ಬಿಡಿಸುವ ಇಂಜೆಕ್ಷನ್ ಕೊಟ್ಟ ಡಾಕ್ಟರನ್ನು ಅವರು ನೋಡಲೇ ಇಲ್ಲ. ಅವರ ಪಾಲಿಗೆ ಆವತ್ತಿನ ಡಾಕ್ಟರು ಜಾನಕಿಯೇ.

ಇಂಥವರಿಗೆ ಹೋಗಿ, ನೀವು ಬರೆದದ್ದು ಸುಳ್ಳು ಅನ್ನುವುದು ಹೇಗೆ?

ಭಾನುವಾರ ನಾರ್‌ಕ್ರಾಸ್‌ನ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಾ ಗಂಡನಿಗೆ ವಿಷಯ ಹೇಳಿದಳು.

"ಅಯ್ಯೋ ಬಿಡೇ," ಎಂದ ಕೃಷ್ಣಪ್ರಸಾದ. "ನಿನ್ ರೆಸ್ಯೂಮೆನಲ್ಲಿ ಕರೆಕ್ಟಾಗೇ ಇದೆಯಲ್ಲ. ವಯಸ್ಸಾದವ್ರು ಪ್ರೀತಿಗೆ ಬರ್ದಿದಾರೆ. ಯಾರು ಕೂತ್ಕೊಂಡು ಟ್ಯಾಲಿ ಮಾಡ್ತಾರೆ? ನೀನಾಗಿ ಬಾಯ್ಬಿಟ್ಟು ಇಂಟರ್‌ವ್ಯೂ ಹಾಳ್ ಮಾಡ್ಕೋಬೇಡ."

ಅವನ ಮಾತಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಆದರೂ ಮನೆಗೆ ಬಂದು ಬೆಂಡೆಕಾಯಿ ಹೆಚ್ಚುವಾಗ ಅವಳಿಗೆ ತನ್ನೂರು ಕೆ.ಆರ್. ನಗರವೇ ಕಣ್ಣ ಮುಂದೆ ಬಂತು.

ಅಪ್ಪ ಸೂರ್ಯನಾರಾಯಣ ಅಲ್ಲಿನ ದನದಾಸ್ಪತ್ರೆಯ ಕಾಂಪೌಂಡರ್. ಊರಿಗೆಲ್ಲ ಸೂರಣ್ಣ. ಶಾಲೆ ಬಿಟ್ಟ ಮೇಲೆ ಜಾನಕಿ ನೇರ ಅಲ್ಲಿಗೇ ಹೋಗುತ್ತಿದ್ದಳು. ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ದನ ಕಟ್ಟಿ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಒಳಗೆ ಸ್ಟೌವಿನ ಮೇಲೆ ಗಾಜಿನ ಸಿರಿಂಜುಗಳು ಕುದಿಯುವ ಕುಳುಕುಳು ಸದ್ದು. ಫಿನಾಯಿಲು, ಸಗಣಿ, ಟಿಂಚರು ಮೂರೂ ಬೆರೆತ ಆ ವಾಸನೆ ಅಪ್ಪನ ಖಾಕಿ ಕೋಟಿಗೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಈಗಲೂ ಕ್ಲಿನಿಕ್ಕಿನಲ್ಲಿ ಯಾರಾದರೂ ಟಿಂಚರ್ ಬಾಟಲಿಯ ಮುಚ್ಚಳ ತೆಗೆದರೆ ಒಂದು ಗಳಿಗೆ ಅವಳು ಅಲ್ಲಿರುವುದಿಲ್ಲ.

ಅಪ್ಪನದೊಂದು ಪದ್ಧತಿಯಿತ್ತು. ಎಂಥ ತುರ್ತಿನ ದನ ಬಂದರೂ ಮೊದಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಾಲ್ಕಡಿ ದೂರ ನಿಂತು, ಪಕ್ಕೆ ಏಳುವುದು ಬೀಳುವುದು ನೋಡುತ್ತಾ ಒಂದು ನಿಮಿಷ ಉಸಿರು ಎಣಿಸುತ್ತಿದ್ದ. "ಮೊದ್ಲು ನೀನ್ಯಾರು ಅಂತ ಅದಕ್ಕೆ ಗೊತ್ತಾಗ್ಲಿ ಕಣಮ್ಮ. ಆಮೇಲೆ ಮುಟ್ಟು," ಎನ್ನುತ್ತಿದ್ದ. ಇನ್ನೊಂದು, ಯಾರು ಡಾಕ್ಟ್ರೇ ಎಂದರೂ ಅಲ್ಲಿಗಲ್ಲೇ ತಿದ್ದುತ್ತಿದ್ದ. "ನಾನು ಡಾಕ್ಟ್ರಲ್ಲ ಕಣಪ್ಪ, ಕಾಂಪೌಂಡ್ರು." ದಿನಕ್ಕೆ ಹತ್ತು ಸಲ, ಬೇಸರವಿಲ್ಲದೆ, ನಾಚಿಕೆಯಿಲ್ಲದೆ.

ನಾಚಿಕೆಯಿದ್ದದ್ದು ಮಗಳಿಗೆ. ಏಳನೇ ಕ್ಲಾಸಿಗೆ ಕಾನ್ವೆಂಟು ಸೇರಿದಾಗ, ನಮ್ಮಪ್ಪ ದನದ ಡಾಕ್ಟರು ಎಂದು ಗೆಳತಿಯರಿಗೆ ಹೇಳಿಬಿಟ್ಟಿದ್ದಳು. ಒಂದು ದಿನ ಕಾನ್ವೆಂಟಿನ ಹಸುವಿಗೆ ಹೊಟ್ಟೆಯುಬ್ಬರ ಬಂತು. ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಅಪ್ಪ ಸೈಕಲ್ಲಿನ ಹಿಂದೆ ಬಿದಿರಿನ ಗೊಟ್ಟ ಕಟ್ಟಿಕೊಂಡು ಬಂದ. ಹುಡುಗಿಯರೆಲ್ಲ ಕಿಟಕಿಗೆ ಮುತ್ತಿಕೊಂಡರು. ಅಪ್ಪ ಕೈ ಕಟ್ಟಿ ಉಸಿರು ಎಣಿಸಿ, ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಅರ್ಧ ಗಂಟೆ ಹಸುವಿನ ಹೊಟ್ಟೆ ತಿಕ್ಕಿದ. ಹಸು ದೊಡ್ಡದಾಗಿ ತೇಗಿತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೈ ಮುಗಿದು, "ತುಂಬಾ ಉಪಕಾರ ಆಯ್ತು ಡಾಕ್ಟ್ರೇ," ಎಂದರು.

"ನಾನು ಡಾಕ್ಟ್..." ಎಂದು ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಿಟಕಿಯಲ್ಲಿ ಜಾನಕಿಯ ಪಕ್ಕದಲ್ಲಿದ್ದ ಗೆಳತಿ ಹರಿಣಿ, "ನಿಮ್ಮಪ್ಪ ಎಷ್ಟು ದೊಡ್ಡ ಡಾಕ್ಟ್ರು ಕಣೇ ಜಾನಕಿ!" ಎಂದು ಕೂಗಿದಳು. ಅಪ್ಪ ತಲೆಯೆತ್ತಿ ಕಿಟಕಿ ನೋಡಿದ. ಮಗಳ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ತೆರೆದ ಬಾಯನ್ನು ಮುಚ್ಚಿಕೊಂಡ. ಸಿಸ್ಟರಿಗೆ ತಲೆಯಾಡಿಸಿ, ಗೊಟ್ಟ ಎತ್ತಿಕೊಂಡು ಸೈಕಲ್ ಹತ್ತಿ ಹೋದ. ಸಂಜೆ ಮನೆಯಲ್ಲಿ, ಊಟ ಮಾಡಿದ್ಯಾ ಎಂದು ಕೇಳಿದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಅವನು ಹೋಗಿ ಹನ್ನೊಂದು ವರ್ಷವಾಯಿತು. ಕೊನೆಯವರೆಗೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಜಾನಕಿಗೆ ಅಂದಿಗೇ ಮರೆತುಹೋಗುತ್ತಿತ್ತು.

ಸೋಮವಾರ ಕಾಲೇಜಿನಲ್ಲಿ ಮೂವರು ಕೂತಿದ್ದರು. ಕೋರ್ಸಿನ ಮುಖ್ಯಸ್ಥೆ ವಾಂಡಾ ಎಂಬಾಕೆ, ಮೂವತ್ತು ವರ್ಷ ಕುದುರೆಗಳ ಜೊತೆ ಕಳೆದವಳು. ದಕ್ಷಿಣದವರ ಎಳೆದೆಳೆದು ಆಡುವ ಮಾತು, ಅಲುಗಾಡದ ಕಣ್ಣು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಇಬ್ಬರು ವಿದ್ಯಾರ್ಥಿಗಳನ್ನೂ ಬಿಸ್ಕಿಟ್ ಎಂಬ ಒಂದು ಪುಕ್ಕಲು ಬೀಗಲ್ ನಾಯಿಯನ್ನೂ ಕರೆತಂದು, ಇಪ್ಪತ್ತು ನಿಮಿಷ ಪಾಠ ಮಾಡಿ ಎಂದರು. ಜಾನಕಿ ಮಗಳು ಶ್ರಾವಣಿಯ ಕೈಯಲ್ಲಿ ಸ್ಲೈಡುಗಳನ್ನು ಚೆಂದ ಮಾಡಿಸಿಕೊಂಡು ಹೋಗಿದ್ದಳು. ಬಿಸ್ಕಿಟ್ ಪ್ರೊಜೆಕ್ಟರಿನ ಬೆಳಕಿಗೆ ಬೆದರಿ ಮೇಜಿನ ಕೆಳಗೆ ತೂರಿತು. ಅವಳು ಪ್ರೊಜೆಕ್ಟರ್ ಆರಿಸಿದಳು.

"ಇಬ್ಬರೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ," ಎಂದಳು. "ಒಂದು ನಿಮಿಷ ಉಸಿರು ಎಣಿಸಿ. ಮುಟ್ಟಬೇಡಿ."

ಒಬ್ಬ ನಲವತ್ತೆಂಟೆಂದ, ಇನ್ನೊಬ್ಬಳು ಐವತ್ತೆರಡೆಂದಳು. ಇನ್ನೊಂದು ಸಲ ಎಣಿಸಿ ಎಂದಳು ಜಾನಕಿ. ಈ ಸಲ ಇಬ್ಬರೂ ಮೂವತ್ತರ ಹತ್ತಿರ ಬಂದರು. ನಾಯಿ ಸಮಾಧಾನಕ್ಕೆ ಬರುತ್ತಿದೆ ಎಂದು ಅವರಿಗೆ ಲೆಕ್ಕದಲ್ಲೇ ಕಂಡಿತು. ಮೂರನೆಯ ನಿಮಿಷಕ್ಕೆ ಬಿಸ್ಕಿಟ್ ತಾನಾಗಿ ಬಂದು ಅವಳ ಶೂ ಮೂಸಿತು.

ವಾಂಡಾ ಮೊದಲ ಸಲ ನಕ್ಕಳು. "ಇದನ್ನು ನಮ್ಮ ಪುಸ್ತಕದಲ್ಲಿ ಹೀಗೆ ಹೇಳಿಲ್ಲ. ಎಲ್ಲಿ ಕಲಿತಿರಿ?"

"ನಮ್ಮ ತಂದೆಯಿಂದ."

"ಓ, ಅವರೂ ಡಾಕ್ಟರೇ?"

ಅವರೂ. ಅಂದರೆ ಅಂಕಲ್ ಪತ್ರವನ್ನು ಇವರು ಓದಿದ್ದಾರೆ, ನಂಬಿದ್ದಾರೆ. ಕೆಲಸ ಕೈಗೆ ಬಂದಂತೆಯೇ ಇತ್ತು. ಸುಮ್ಮನೆ ಒಂದು ನಗು ನಕ್ಕು ತಲೆಯಾಡಿಸಿದ್ದರೆ ಸಾಕಿತ್ತು. ಜಾನಕಿಗೆ ಆ ಕಿಟಕಿ ಕಂಡಿತು, ಈ ಸಲ ಹೊರಗಿನಿಂದ, ಅಪ್ಪ ನಿಂತಿದ್ದ ಜಾಗದಿಂದ.

"ಅಲ್ಲ. ಅವರೂ ಅಲ್ಲ, ನಾನೂ ಅಲ್ಲ," ಎಂದಳು. "ಆ ಪತ್ರದಲ್ಲಿ ಡಾಕ್ಟರ್ ಅಂತ ಬರೆದಿರುವುದು ತಪ್ಪು. ಬರೆದವರದಲ್ಲ, ನನ್ನದು. ಜನ ಹಾಗೆ ಕರೆದಾಗ ನಾನು ತಿದ್ದಲಿಲ್ಲ."

ವಾಂಡಾ ಫೈಲು ಮುಚ್ಚಿದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಇಂಥ ಕಾಗದ ಇಟ್ಟುಕೊಂಡು ನಾನು ಈ ಅರ್ಜಿಯನ್ನು ಮೇಲಿನವರಿಗೆ ಕಳಿಸಲಾರೆ. ಶುಕ್ರವಾರದೊಳಗೆ ಅವರೇ ತಿದ್ದಿ ಬರೆದುಕೊಟ್ಟರೆ ನೋಡೋಣ. ಇಲ್ಲದಿದ್ದರೆ ಕ್ಷಮಿಸಿ."

ಕಾಲೇಜಿನಿಂದ ಹೊರಬಂದವಳು ಮನೆಗೆ ಹೋಗಲಿಲ್ಲ. ತಡಮಾಡಿದರೆ ಧೈರ್ಯ ಸೋರಿಹೋಗುತ್ತದೆಂದು ನೇರ ಅಲ್ಫರೆಟಾಕ್ಕೆ ಕಾರು ತಿರುಗಿಸಿದಳು.

ಸತ್ಯಪ್ರಕಾಶ ಅಂಕಲ್ ಎಲ್ಲ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಇಷ್ಟು ವರ್ಷ ನನ್ ಮುಂದೆ ಕೂತ್ಕೊಂಡು ಒಂದ್ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವೇನಮ್ಮ?"

"ಹೇಳಿದ್ರೆ ನೀವು ಇಷ್ಟು ಪ್ರೀತಿಯಿಂದ ಮಾತಾಡಿಸ್ತೀರೋ ಇಲ್ವೋ ಅಂತ ಭಯ ಅಂಕಲ್."

"ಥೂ, ಪೆದ್ದಿ," ಎಂದರು. ಬೈಯುತ್ತಲೇ ಲ್ಯಾಪ್‌ಟಾಪ್ ಎಳೆದುಕೊಂಡರು. "ಈಗ ಏನಂತ ಬರೀಲಿ? ಡಾಕ್ಟರ್ ಅನ್ನೋದ್ನ ತೆಗೆದ್ರೆ ನಂಗೆ ಗೊತ್ತಿರೋದು ಇನ್ನೇನಿದೆ?"

"ಭೀಮನ್ನ ಹಿಡ್ಕೊಂಡಿದ್ದೆ ಅಂತ ಬರೀರಿ ಅಂಕಲ್. ಅದೇ ನನ್ ಕೆಲಸ."

ಹೊಸ ಪತ್ರ ಐದೇ ಸಾಲಿತ್ತು. "ಜಾನಕಿ ಡಾಕ್ಟರಲ್ಲ. ನಾನು ನಲವತ್ತನಾಲ್ಕು ವರ್ಷ ಡಾಕ್ಟರಾಗಿದ್ದವನು, ವ್ಯತ್ಯಾಸ ಬಲ್ಲೆ. ನನ್ನ ನಾಯಿ ಸತ್ತ ದಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಈಕೆ ಅವನನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ನನ್ನ ಮೊಮ್ಮಕ್ಕಳು ಈ ಕೆಲಸ ಕಲಿಯುವುದಾದರೆ ಈಕೆಯ ಹತ್ತಿರ ಕಲಿಯಲಿ." ಅಪ್‌ಲೋಡ್ ಮಾಡುವಾಗ ಅಂಕಲ್ ಕೈ ತಪ್ಪಿ ಎರಡು ಸಲ ಹಳೇ ಪತ್ರವನ್ನೇ ಒತ್ತಲು ಹೋದರು. ಕೊನೆಗೆ ಜಾನಕಿಯೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಳು.

ಕಾಲೇಜಿನಿಂದ ಎರಡು ವಾರ ಸುದ್ದಿಯೇ ಇಲ್ಲ. ನಾನು ಆವತ್ತೇ ಹೇಳಿದ್ದೆ ಎನ್ನುವ ಮುಖ ಮಾಡಿಕೊಂಡು ಓಡಾಡುತ್ತಿದ್ದ ಕೃಷ್ಣಪ್ರಸಾದ. ಪಾಪ, ಬಾಯಿಬಿಟ್ಟು ಹೇಳಲಿಲ್ಲ. ಮೂರನೆಯ ವಾರ ವಾಂಡಾಳ ಫೋನು ಬಂದಾಗ ಜಾನಕಿ ಒಂದು ಬೆಕ್ಕಿನ ಉಗುರು ಕತ್ತರಿಸುತ್ತಿದ್ದಳು. ಉಳಿದ ಎರಡು ಉಗುರು ಮುಗಿಸಿಯೇ ವಾಪಸು ಫೋನು ಮಾಡಿದಳು.

ಆಗಸ್ಟಿನಲ್ಲಿ ಮೊದಲ ಕ್ಲಾಸು. ಇಪ್ಪತ್ತೆರಡು ಮಂದಿ, ಎಲ್ಲರ ಮೈಮೇಲೂ ಮಡಿಕೆ ಬಿಡದ ಹೊಸ ಸ್ಕ್ರಬ್ಸ್, ಆಸ್ಪತ್ರೆ ಕೆಲಸದ ಉಡುಪು. ಜಾನಕಿ ಒಳಗೆ ಬಂದು, ಮಾತಾಡುವ ಮೊದಲು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ಎಲ್ಲರನ್ನೂ ನೋಡಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಗುಡ್ ಮಾರ್ನಿಂಗ್, ಡಾಕ್ಟರ್," ಎಂದಳು.

"ನಾನು ಡಾಕ್ಟರಲ್ಲ," ಎಂದಳು ಜಾನಕಿ. "ಕಾಂಪೌಂಡರು."

ಹಾಗೆಂದರೇನು ಎಂದು ಆ ಹುಡುಗಿ ಕೇಳಿದಳು. ಹೊಂಗೆ ಮರದಿಂದ ಶುರುಮಾಡಿ ಹೇಳುವಷ್ಟರಲ್ಲಿ ಕ್ಲಾಸಿನ ಅರ್ಧ ಹೊತ್ತು ಕಳೆಯಿತು. ಕಾನ್ವೆಂಟಿನ ಹಸುವಿನ ವಿಷಯವನ್ನೂ ಬಿಡದೆ ಹೇಳಿದಳು, ಕಿಟಕಿಯ ವಿಷಯವನ್ನೂ. ಇಪ್ಪತ್ತೆರಡು ಮಂದಿಗೆ ಅದು ಒಂದೇ ದಿನಕ್ಕೆ ನೆನಪುಳಿಯಲಿಲ್ಲ. ಮಾರನೆಯ ದಿನ ಬೇರೊಬ್ಬ ಡಾಕ್ಟರ್ ಎಂದ, ಅದರ ಮಾರನೆಯ ದಿನ ಮತ್ತೊಬ್ಬಳು. ಅಪ್ಪ ಅವಳಿಗಾಗಿ ಒಂದೇ ಒಂದು ಸಲ ನುಂಗಿಕೊಂಡಿದ್ದ ಮಾತನ್ನು ಆ ಸೆಮಿಸ್ಟರಿನಲ್ಲಿ ಜಾನಕಿ ನೂರು ಸಲವಾದರೂ ಹೇಳಿರಬೇಕು, ಬೇಸರವಿಲ್ಲದೆ, ನಾಚಿಕೆಯಿಲ್ಲದೆ.