ಗ್ರೇಟೆಯ ಮಗ್ಗ ಕಸವಾದ ದಿನ

ನಮ್ಮೂರ ಕಸದ ಅಂಗಳದ ಗೇಟಿನ ಮೇಲೆ ಯುರೋಪಿನ ಕಾನೂನನ್ನು ಏಣಿಯ ಹಾಗೆ ಬರೆಸಿದ್ದಾರೆ. ಕಸವನ್ನೇ ಮಾಡಬೇಡಿ ಎನ್ನುವುದು ಮೇಲಿನ ಮೆಟ್ಟಿಲು. ಅದರ ಕೆಳಗೆ, ಮತ್ತೆ ಬಳಸಿ. ಸುಡುವುದು ತೀರ ಕೆಳಗೆ, ಹೂಳುವುದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಓದಲು ಚಂದ. ಆದರೆ ನಮ್ಮ ಮನೆಗಳನ್ನು ಬೆಚ್ಚಗಿಡುವುದು ಕಸ ಸುಡುವ ಕುಲುಮೆ. ಅದರ ಹೊಟ್ಟೆ ಹಸಿದರೆ ಪರದೇಶದ ಕಸವನ್ನೂ ತರಿಸಿ ಉಣಿಸುತ್ತಾರೆ. ಹಸಿದ ಹೊಟ್ಟೆ ಯಾವ ಏಣಿಯನ್ನು ಹತ್ತುತ್ತದೆ?

ಪಕ್ಕದ ಮನೆಯ ಇಂಗೆಲಿಸಳ ಅಕ್ಕ ಗ್ರೇಟೆ ತೀರಿಕೊಂಡಿದ್ದಳು. ತನ್ನ ಮಗ್ಗ ನೇಯುವವರ ಕೈ ಸೇರಬೇಕೆಂದು ತಂಗಿಯಿಂದ ಮಾತು ತೆಗೆದುಕೊಂಡಿದ್ದಳು. ಇಂಗೆಲಿಸ ಮಗ್ಗ ಬಿಚ್ಚಿ, ಕಟ್ಟು ಕಟ್ಟಿ, ನನ್ನ ಗಾಡಿಯಲ್ಲಿ ಅಂಗಳಕ್ಕೆ ತಂದಳು; ಅಲ್ಲಿನ ಮರುಬಳಕೆಯ ಕೋಣೆಯಲ್ಲಿಟ್ಟದ್ದನ್ನು ಬೇಕಾದವರು ಒಯ್ಯಬಹುದು. ನಾನು ಬಾಟಲಿ ಎಸೆಯಲು ಆಚೆ ಹೋದೆ.

ಬರುವಷ್ಟರಲ್ಲಿ ಗಾಡಿ ಖಾಲಿ. ಕಾವಲಿನ ಐವಿನ್ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬಂದ.

"ಮಗ್ಗ ಎಲ್ಲಿ? ನಿಮ್ಮ ಗಾಡೀಲಿ ನೋಡಿದ್ ತಕ್ಷಣ ನೇಯೋ ಮಾರೆನ್‌ಗೆ ಫೋನ್ ಮಾಡ್ದೆ, ಆಗ್ಲೇ ಹೊರಟವಳೆ. ಮಗ್ಗ ಬಂದ್ರೆ ಮೊದ್ಲು ನಂಗೆ ಹೇಳು ಅಂತ ವರ್ಷದಿಂದ ನನ್ನ ಪ್ರಾಣ ತಿಂತಿದ್ಲು."

ಇಂಗೆಲಿಸ ಮರುಬಳಕೆಯ ಕೋಣೆಯ ಬಾಗಿಲ ಮೇಲಿನ ಬೋರ್ಡು ತೋರಿಸಿದಳು. 'ಇಡೀ ವಸ್ತು ಮಾತ್ರ. ಬಿಡಿ ಭಾಗ ಬೇಡ.'

"ಬೋರ್ಡ್ ಹಂಗೆ ಹೇಳ್ತೈತಲ್ಲ. ಮರ ಮರಕ್ಕೆ, ಕಬ್ಬಿಣ ಕಬ್ಬಿಣಕ್ಕೆ, ನೂಲು ಬಟ್ಟೆಗೆ ಹಾಕ್ದೆ."

"ಅಯ್ಯೋ ಮಾರಾಯ್ತಿ, ಮಗ್ಗನ ಯಾರು ಇಡೀದಾಗಿ ಹೊತ್ಕೊಂಡ್ ಬರ್ತಾರೆ? ಒಂದ್ ಮಾತು ಕೇಳೋಕೇನಾಗಿತ್ತು?" ಎಂದ ಐವಿನ್.

"ನಿಯಮ ಓದಿದ್ಮೇಲೆ ಕೇಳೋದೇನು?"

ಮರದ ತೊಟ್ಟಿಯ ಮೇಲೆ ಯಂತ್ರದ ಹಲ್ಲಿನ ಉರುಳೆ ಆಗಲೇ ಉರುಳಿ, ಮಗ್ಗದ ಮರವೆಲ್ಲ ಚೂರಾಗಿತ್ತು. ಕಬ್ಬಿಣದ ತೊಟ್ಟಿಯಲ್ಲಿ ಮಾತ್ರ ಮಗ್ಗದ ಹಣಿಗೆ, ಒಂದು ಹಲ್ಲೂ ಮುರಿಯದೆ, ಸೈಕಲ್ ಚಕ್ರದ ಮೇಲೆ ಬಿದ್ದಿತ್ತು. ಇಂಗೆಲಿಸ ಕೈ ಚಾಚಿದಳು.

"ಬೇಡ," ಎಂದ ಐವಿನ್. "ಒಳಗೆ ಬಿದ್ದದ್ದು ನಗರಸಭೇದು. ಎತ್ಕೊಂಡ್ರೆ ಕಳ್ಳತನ. ಮೇಲೆ ಕ್ಯಾಮೆರಾ ನೋಡ್ತಾ ಐತೆ."

ನಾನು ಬೈದೆ. ಕಾನೂನನ್ನು, ಕುಲುಮೆಯನ್ನು, ಅವನನ್ನೂ. ಇಂಗೆಲಿಸ ಮಾತ್ರ ಚಾಚಿದ ಕೈಯನ್ನು ನಿಧಾನವಾಗಿ ಹಿಂದೆಳೆದುಕೊಂಡಳು. ಹುಟ್ಟಿದಾಗಿನಿಂದ ಅವಳು ಯಾವ ಬೋರ್ಡನ್ನೂ ಮೀರಿದವಳಲ್ಲ.

ಗೇಟಿನಲ್ಲಿ ಮಾರೆನಳ ಕಾರು ಒಳಗೆ ತಿರುಗುತ್ತಿತ್ತು. ಸಾಮಾನಿಗೆ ಜಾಗವಾಗಲೆಂದು ಹಿಂದಿನ ಸೀಟು ಮಡಚಿ, ಕಂಬಳಿ ಹಾಸಿಕೊಂಡು ಬಂದಿದ್ದಳು.

"ಅವಳಿಗೆ ನೀನೇ ಹೇಳ್ಬಿಡು ಐವಿನ್," ಎಂದಳು ಇಂಗೆಲಿಸ. "ಗ್ರೇಟೆಗೆ ಹೇಳೋದು ನಂಗೆ ಇದ್ದೇ ಐತೆ."