ತಂತಿಯಲ್ಲಿ ಉಳಿದ ಶಿಳ್ಳೆ

ಟೆಲಿಫೋನ್ ಕಚೇರಿಯಲ್ಲಿ ಅತ್ತಿಗೆ ಹಳೆಯ ತಂತಿಗಳನ್ನು ಒಂದೊಂದಾಗಿ ಯಂತ್ರಕ್ಕೆ ಜೋಡಿಸಿ ಪರೀಕ್ಷಿಸುತ್ತಿದ್ದಳು. ಪರದೆಯ ಮೇಲೆ ನೇರ ಗೆರೆ ಬಂದರೆ ತಂತಿಯಲ್ಲಿ ಜೀವವಿಲ್ಲ ಎಂದರ್ಥ. ಮೈದುನ ಅದನ್ನು ಕತ್ತರಿಸುತ್ತಿದ್ದ. ದನಿಯಿದ್ದರೆ ಗೆರೆ ಅಲೆಯಾಗುತ್ತದೆ. ದನಿ ಜೋರಾದಷ್ಟೂ ಅಲೆ ಎತ್ತರ, ಕೀರಲಾದಷ್ಟೂ ಅಲೆಗಳು ಒತ್ತೊತ್ತು.

ಕೊನೆಯ ತಂತಿಯಲ್ಲಿ ಒತ್ತೊತ್ತಾದ ಅಲೆಗಳು ಎದ್ದವು.

“ನಿಮ್ಮಣ್ಣನ ಶಿಳ್ಳೆ ಕಣೋ!”

“ಏನತ್ತಿಗೆ ನೀವು! ಅಣ್ಣ ಹೋಗಿ ವರ್ಷ ಆಯ್ತು. ಆ ತುದಿ ಫೋನನ್ನ ಬೆಳಗ್ಗೆ ನಾನೇ ಬಿಚ್ಕೊಂಡು ಬಂದಿದೀನಿ.”

“ನೋಡು, ಕೊನೇಲಿ ಉಸಿರು ಸಾಲದೆ ನಡುಗುತ್ತೆ. ಕುಕ್ಕರ್ ಕೂಗಿದ ಹಾಗಿದೆ ಅಂತ ನೀನೇ ಆಡ್ಕೋತಿದ್ದೆಯಲ್ಲ.”

ಅವಳ ಗಂಡ ಕಂಬದ ಮೇಲೆ ತಂತಿ ಬೆಸೆದ ಕೂಡಲೇ ಅದಕ್ಕೆ ಫೋನ್ ಸಿಕ್ಕಿಸಿ ಶಿಳ್ಳೆ ಹಾಕುತ್ತಿದ್ದ. ಕಚೇರಿಯಿಂದ ಅವಳು ‘ಕೇಳಿಸ್ತು, ಇಳೀರಿ’ ಅನ್ನುವವರೆಗೂ ಇಳಿಯುತ್ತಿರಲಿಲ್ಲ. ಅವನು ಕಂಬದಿಂದ ಬಿದ್ದ ದಿನ ಅವಳು ಬೇರೆ ಕರೆಯಲ್ಲಿದ್ದಳು. ಆ ಮಾತು ಹೇಳುವುದು ಉಳಿದೇ ಹೋಯಿತು.

ಮೈದುನನ ಕತ್ತರಿ ಗಾಳಿಯಲ್ಲೇ ನಿಂತಿತು. “ಕತ್ತರಿಸ್ಲಾ, ಬೇಡ್ವಾ?”

“ತಡಿ.” ಅವಳು ರಿಸೀವರನ್ನು ತುಟಿಯ ಹತ್ತಿರ ತಂದಳು. “ಕೇಳಿಸ್ತು ಕಣ್ರೀ. ಇನ್ನು ಇಳೀರಿ.”

ಅಲೆಗಳು ಮೆಲ್ಲಗೆ ತಗ್ಗುತ್ತಾ ತಗ್ಗುತ್ತಾ ನೇರ ಗೆರೆಯಾದವು.

“ಈಗ ಕತ್ತರಿಸಪ್ಪ,” ಎಂದಳು.